ಮೊದಲು ಪಂಪು, ಆಮೇಲೆ ಸುದ್ದಿ

ನಮ್ಮ ಮನೆಗೆ ಸುದ್ದಿ ಒಂಟಿಯಾಗಿ ಬರುವುದಿಲ್ಲ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ನನ್ನ ಪಂಪು ಬರುತ್ತದೆ. ಪಂಪು ಅಂದರೆ ಉಬ್ಬಸ ಬಂದಾಗ ಬಾಯಿಗಿಟ್ಟು ಒತ್ತಿಕೊಳ್ಳುವ ನೀಲಿ ಇನ್‌ಹೇಲರ್. ಯಾರಾದರೂ ತೀರಿಕೊಂಡಿರಲಿ, ಯಾರದಾದರೂ ಮದುವೆ ಮುರಿದಿರಲಿ, ಮೊದಲು ಅದನ್ನು ತಂದು ನನ್ನ ಕೈಗೆಟಕುವಂತೆ ಮೇಜಿನ ಮೇಲೆ ಇಡುತ್ತಾರೆ. ಪಕ್ಕದಲ್ಲಿ ಒಂದು ಲೋಟ ಬಿಸಿನೀರು. ಆಮೇಲೆ ನನ್ನ ಗಂಡ ಗಂಟಲು ಸರಿಮಾಡಿಕೊಂಡು "ಗಾಬರಿ ಮಾಡ್ಕೋಬೇಡ" ಅನ್ನುತ್ತಾರೆ. ಗಾಬರಿಯಾಗುವುದಕ್ಕೆ ಮನುಷ್ಯರಿಗೆ ಇನ್ನೇನು ಬೇಕು?

ಇದು ಶುರುವಾದದ್ದು ನನ್ನ ಅಮ್ಮ ಹೋದ ದಿನ. ನಾನು ಕೆಲಸದಲ್ಲಿದ್ದೆ. ಗಂಡ ಸೈಕಲ್ ತುಳಿದುಕೊಂಡು ಬಂದವರು ಒಂದು ಮಾತೂ ಆಡದೆ ಪಂಪನ್ನು ನನ್ನ ಅಂಗೈಯಲ್ಲಿಟ್ಟರು. ಅವತ್ತು ಅದು ಪ್ರೀತಿಯ ಕೆಲಸವೇ ಆಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಒಳ್ಳೆಯದು ಒಮ್ಮೆ ನಡೆದರೆ ನಮ್ಮ ಮನೆಯವರು ಅದನ್ನು ಪದ್ಧತಿ ಮಾಡದೆ ಬಿಡುವವರಲ್ಲ. ಈಗ ನಾನೇ ಬ್ಯಾಗಿನಿಂದ ಪಂಪು ತೆಗೆದರೆ ಏನೂ ಆಗುವುದಿಲ್ಲ. ಬೇರೆಯವರ ಕೈಯಲ್ಲಿ ಅದು ಕಂಡರೆ ಸಾಕು, ಸುದ್ದಿ ಕಿವಿಗೆ ಬೀಳುವ ಮೊದಲೇ ಎದೆ ಬಿಗಿಯುತ್ತದೆ. ಹಗ್ಗ ಕಂಡು ಹಾವೆಂದು ಹಾರುವವರ ಸಾಲಿಗೆ ಸೇರಿಕೊಂಡಿದ್ದೇನೆ.

ಎರಡನೆಯ ಪದ್ಧತಿ ಇನ್ನೂ ಕೆಟ್ಟದ್ದು. ಮಾತಿನ ನಡುವೆ ನನ್ನ ಎದೆ ಸಿಳ್ಳೆ ಹೊಡೆಯಿತು ಅಂದರೆ ಆ ಮಾತು ಅಲ್ಲಿಗೆ ಮುಗಿಯಿತು. ಅತ್ತೆ ಕೈ ಮೇಲೆತ್ತುತ್ತಾರೆ. "ಸಾಕು, ನಿಲ್ಸಿ. ಅವಳ ಎದೆ ನೋಡ್ಕೊಂಡು ಮಾತಾಡಿ." ಎಲ್ಲರೂ ಎದ್ದು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಹೀಗೆ ಈ ಮನೆಯ ಯಜಮಾನಿಕೆ ನನ್ನದೂ ಅಲ್ಲ, ಗಂಡನದೂ ಅಲ್ಲ, ನನ್ನ ಎದೆಗೂಡಿನದು. ಗೋಡೆಗೆ ಬಣ್ಣ ಬೇಡ ಅಂದದ್ದು ಅದು. ನಾಯಿಮರಿ ಬೇಡ ಅಂದದ್ದು ಅದು. ಟಿವಿಯಲ್ಲಿ ನಗೆಯ ಕಾರ್ಯಕ್ರಮ ಬೇಡ ಅಂದದ್ದೂ ಅದೇ, ಯಾಕೆಂದರೆ ಹೊಟ್ಟೆ ಹಿಡಿದುಕೊಂಡು ನಕ್ಕರೂ ನನಗೆ ಕೆಮ್ಮು ಒತ್ತಿಕೊಂಡು ಬರುತ್ತದೆ.

ಗಂಡ ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸುವವರು. ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಹೋಗಬೇಕು ಎನ್ನುವುದು ಅವರ ಕೈಯಲ್ಲಿರುವ ಕಬ್ಬಿಣದ ಕೀಲಿಯಲ್ಲಿದೆ. ಮಗಳು ಚಿಕ್ಕವಳಿದ್ದಾಗ ಅವರಿಗೆ ಊರಾಚೆ, ನೀರು ಸೋಸುವ ಘಟಕದಲ್ಲಿ ಮೇಲ್ವಿಚಾರಕರ ಕೆಲಸ ಬಂದಿತ್ತು. ಇರಲು ಮನೆ, ಮುಂದೆ ಮರಗಳು, ಹಿಂದೆ ದೊಡ್ಡ ಕೆರೆ. ಅವರು ಆ ವಿಷಯ ಎತ್ತಿದ ಸಂಜೆ ನನ್ನ ಎದೆ ಸುಯ್ ಅಂದಿತು. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಅವರಿಗೇ ಮನಸ್ಸಿಲ್ಲವೇನೋ ಅಂದುಕೊಂಡು ನಾನೂ ಕೇಳಲಿಲ್ಲ.

ನನ್ನ ಕೆಲಸ ಬಸ್ ನಿಲ್ದಾಣದಲ್ಲಿ. "ಪ್ರಯಾಣಿಕರ ಗಮನಕ್ಕೆ" ಅನ್ನುವ ದನಿ ನನ್ನದು. ಮೇಲಂತಸ್ತಿನಲ್ಲಿ ಗಾಜಿನದೊಂದು ಗೂಡಿದೆ. ಅಲ್ಲಿ ಕೂತರೆ ಕೆಳಗಿನ ಪ್ಲಾಟ್‌ಫಾರ್ಮುಗಳೆಲ್ಲ ಕಾಣುತ್ತವೆ, ಡೀಸೆಲ್ ಹೊಗೆಯೂ ಮೆಟ್ಟಿಲು ಹತ್ತಿಕೊಂಡು ನನ್ನನ್ನು ಮಾತಾಡಿಸಲು ಬರುತ್ತದೆ. ಮೈಕಿಗೆ ಒಂದು ಗುಂಡಿ. ಒತ್ತಿ ಹಿಡಿದರೆ ದನಿ ಹೊರಗೆ ಹೋಗುತ್ತದೆ, ಬಿಟ್ಟರೆ ಇಲ್ಲ. ಒಂದು ವಾಕ್ಯ ಹೇಳಿ ಗುಂಡಿ ಬಿಡುತ್ತೇನೆ, ಉಸಿರು ಎಳೆದುಕೊಳ್ಳುತ್ತೇನೆ, ಮತ್ತೆ ಒತ್ತಿ ಮುಂದಿನ ವಾಕ್ಯ ಹೇಳುತ್ತೇನೆ. ಸಿಳ್ಳೆ, ಕೆಮ್ಮು, ಏದುಸಿರು ಎಲ್ಲವೂ ಗುಂಡಿ ಬಿಟ್ಟ ಹೊತ್ತಿನಲ್ಲಿ ಮುಗಿಯಬೇಕು. ನಿಲ್ದಾಣದ ಕಂಟ್ರೋಲರ್ "ನಿಮ್ಮ ದನಿ ಗಂಟೆ ಇದ್ದಂಗಿದೆ" ಅಂತ ಹೊಸಬರಿಗೆಲ್ಲ ಉದಾಹರಣೆ ಕೊಡುತ್ತಾರೆ. ಗಂಟೆಯ ಒಳಗೆ ಏನು ನಡೆಯುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಮನೆಯಲ್ಲಿ ಅಂತೂ ಹೇಳಿಯೇ ಇಲ್ಲ. ಹೇಳಿದ್ದರೆ ಮರುದಿನವೇ ಕೆಲಸ ಬಿಡಿಸುತ್ತಿದ್ದರು.

ಒಂದು ಸಂಜೆ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಮೇಜಿನ ಮೇಲೆ ಪಂಪು. ಮನೆಯಲ್ಲಿ ಇನ್ನೊಂದು ಇಟ್ಟಿರುತ್ತೇವಲ್ಲ, ಅದು. ಪಕ್ಕದಲ್ಲಿ ಬಿಸಿನೀರಿನ ಲೋಟ. ಲೋಟದ ಆ ಕಡೆ ಗಂಡ, ಈ ಕಡೆ ಅತ್ತೆ, ಗೋಡೆಗೆ ಒರಗಿಕೊಂಡು ಮಗಳು. ಮಗಳು ಮೋಟಾರು ರಿಪೇರಿಯ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಆ ಹೊತ್ತಿಗೆ ಯಾವತ್ತೂ ಮನೆಯಲ್ಲಿ ಇರುವವಳಲ್ಲ.

"ಯಾರು ಹೋದ್ರು?" ಅಂದೆ.

"ಯಾರೂ ಹೋಗಿಲ್ಲ ಕಣೇ. ಗಾಬರಿ ಮಾಡ್ಕೋಬೇಡ," ಅಂದರು ಗಂಡ.

ಸರಿ, ಅಷ್ಟು ಸಾಕಾಯಿತು. ಕುತ್ತಿಗೆಯ ಬುಡದಲ್ಲಿ ಯಾರೋ ದಾರ ಬಿಗಿದ ಹಾಗಾಯಿತು. ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ ಕೂತೆ. ಸಿಳ್ಳೆ ಶುರುವಾಯಿತು. ಅತ್ತೆಯ ಕೈ ಮೇಲೆದ್ದಿತು.

"ಸಾಕು, ಇವತ್ತು ಬೇಡ," ಅಂದರು ಅತ್ತೆ.

"ಏನು... ಬೇಡ?" ಅಂದೆ.

"ಏನಿಲ್ಲಮ್ಮ, ಸುಮ್ನೆ," ಅಂದಳು ಮಗಳು. ಪಂಪು ಕುಲುಕಿ ಕೊಟ್ಟಳು. ಬೆನ್ನು ಸವರಿದಳು. ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಕೇಳಿದೆ. ಆಗ ಅವಳು ಪಾತ್ರೆ ತೊಳೆಯುತ್ತಿದ್ದಳು, ಗಂಡ ವಾಲ್ವ್ ತಿರುಗಿಸಲು ಹೊರಟೇ ಹೋಗಿದ್ದರು, ಅತ್ತೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದ್ದರು.

ಆಮೇಲಿನ ದಿನಗಳು ಹೇಗೆ ಕಳೆದವು ಅಂತ ಹೇಳುವುದೇ ಬೇಸರ. ನಾನು ಅಡುಗೆಮನೆಗೆ ಹೋದರೆ ಹಾಲಿನಲ್ಲಿ ಪಿಸುಮಾತು. ಹಾಲಿಗೆ ಬಂದರೆ ಎಲ್ಲರೂ ಹವಾಮಾನದ ಬಗ್ಗೆ ಮಾತಾಡುತ್ತಿರುತ್ತಾರೆ. ಜೀವನದಲ್ಲಿ ಒಮ್ಮೆಯೂ ಮೋಡದ ಕಡೆ ಕತ್ತೆತ್ತಿ ನೋಡದ ಗಂಡ "ಗಾಳಿ ತಿರುಗಿದೆ ಅಲ್ವಾ" ಅನ್ನುತ್ತಾರೆ. ನನ್ನ ತಲೆಯಲ್ಲಿ ಮಾತ್ರ ಸುದ್ದಿಗಳು ಹುಟ್ಟುತ್ತಲೇ ಇದ್ದವು. ಮಗಳಿಗೆ ಯಾವುದೋ ಕಾಯಿಲೆ. ಗಂಡನ ಕೆಲಸ ಹೋಯಿತು. ನನ್ನ ತಮ್ಮನಿಗೆ ಏನೋ ಆಗಿದೆ. ಬಸ್ಸು ಕೂಗುತ್ತಾ ಕೂಗುತ್ತಾ ಒಂದೊಂದು ಸುದ್ದಿಗೂ ಒಂದೊಂದು ಸಲ ಉಬ್ಬಸಪಟ್ಟೆ. ಹೇಳಿದ್ದರೆ ಒಂದೇ ಸಲ ಪಡುತ್ತಿದ್ದೆ. ನನಗೆ ನಿಜವಾಗಿ ಸುಸ್ತಾಗಿತ್ತು. ಉಬ್ಬಸಕ್ಕಿಂತ ಹೆಚ್ಚಾಗಿ, ಮೂರು ಜನ ನನ್ನ ಸುತ್ತ ತುದಿಗಾಲಲ್ಲಿ ನಡೆಯುವುದನ್ನು ನೋಡಿ ನೋಡಿ ಸುಸ್ತಾಗಿತ್ತು.

ಕೊನೆಗೆ ಗುಟ್ಟು ಒಡೆದದ್ದು ಅತ್ತೆಯಿಂದಲೇ. ಅವರ ಹೊಟ್ಟೆಯಲ್ಲಿ ಅನ್ನ ನಿಂತೀತು, ಮಾತು ನಿಲ್ಲುವುದಿಲ್ಲ. ರಜೆಯ ಮಧ್ಯಾಹ್ನ ಇಬ್ಬರೇ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆವು.

"ನೋಡು, ಹೇಳ್ಬಾರ್ದು ಅಂತ ನನ್ ಹತ್ರ ಮಾತು ತಗೊಂಡಿದಾರೆ. ಅದಕ್ಕೇ ನಾನು ಹೇಳಲ್ಲ," ಅಂದರು ಅತ್ತೆ.

"ಬೇಡ ಬಿಡಿ ಅತ್ತೆ."

"ಹೇಳೋದೂ ಇಲ್ಲ. ಆದ್ರೆ ಒಂದು ಮಾತು ಕೇಳ್ತೀನಿ. ಹೆಣ್ಣುಮಕ್ಕಳು ರೈಲು ಓಡಿಸ್ತಾರೇನೇ?"

ಬೆಳ್ಳುಳ್ಳಿ ಕೈಯಲ್ಲೇ ಉಳಿಯಿತು.

"ರೈಲು ಅಂದ್ರೆ ಅಷ್ಟು ದೊಡ್ಡದು, ಅದರ ಮುಂದಿನ ಡಬ್ಬೀಲಿ ನಿನ್ ಮಗಳು ಕೂತ್ಕೋತಾಳಂತೆ. ಬೇರೆ ಊರಲ್ಲಿ ಎಂಟು ತಿಂಗಳು ತರಬೇತಿಯಂತೆ. ನೂರಾರು ಜನ ಪರೀಕ್ಷೆ ಬರೆದಿದ್ರಂತೆ, ಇವಳು ಪಾಸಂತೆ. ನಾನು ಏನೂ ಹೇಳಿಲ್ಲ, ಆಯ್ತಾ?"

ನನಗೆ ಏನಾಯಿತು ಅಂತ ಸರಿಯಾಗಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನನಗೆ ಸಂತೋಷವಾಯಿತು. ಎಷ್ಟು ಸಂತೋಷ ಅಂದರೆ ಕೂತಲ್ಲಿ ಕೂರಲಾಗಲಿಲ್ಲ. ಈ ಹುಡುಗಿ ಐದು ವರ್ಷದವಳಿದ್ದಾಗ ಮನೆಯ ಕುರ್ಚಿಗಳನ್ನೆಲ್ಲ ಸಾಲಾಗಿ ಜೋಡಿಸಿ, ಅಜ್ಜಿಯನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿ, ಟಿಕೆಟ್ ಇಲ್ಲ ಅಂತ ಕೆಳಗಿಳಿಸಿದ್ದಳು. ಆ ಅಜ್ಜಿಯೇ ಈಗ "ರೈಲು ಅಂದ್ರೆ ಅಷ್ಟು ದೊಡ್ಡದು" ಅಂತ ಬೆಳ್ಳುಳ್ಳಿ ಸಿಪ್ಪೆಯ ನಡುವೆ ಎರಡು ಕೈ ಅಗಲಿಸಿ ತೋರಿಸುತ್ತಿದ್ದಾರೆ. ನಗು ಬಂತು. ಜೋರಾಗಿ ನಕ್ಕೆ. ನಗುವಿನ ಹಿಂದೆಯೇ, ಅವಳು ಹೋದರೆ ಮನೆ ಹೇಗಿರುತ್ತದೆ ಅನ್ನುವ ಭಯವೂ ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಅತ್ತೆ ಹೆದರಿ ಒಂದು ಕೈಯಲ್ಲಿ ಪಂಪು, ಇನ್ನೊಂದರಲ್ಲಿ ಬಿಸಿನೀರು ಹಿಡಿದು ಓಡಿ ಬಂದರು, ನೀರು ನನ್ನ ಮಡಿಲ ಮೇಲೆ ಚೆಲ್ಲಿದರು. ಪಂಪು ಒತ್ತಿದೆ, ಮತ್ತೆ ಒತ್ತಿದೆ. ಜಗ್ಗಲಿಲ್ಲ.

ಅದೇ ಹೊತ್ತಿಗೆ ಮಗಳು ಬಂದಳು. ನನ್ನನ್ನು ನೋಡಿದಳು, ಅಜ್ಜಿಯ ಮುಖ ನೋಡಿದಳು, ಎಲ್ಲ ಅರ್ಥವಾಯಿತು.

"ಅಜ್ಜೀ, ಹೇಳ್ಬಿಟ್ಯಾ?"

"ನಾನೆಲ್ಲಿ ಹೇಳಿದೆ? ಕೇಳಿದೆ ಅಷ್ಟೇ," ಅಂತ ಅತ್ತೆ ಅಳತೊಡಗಿದರು.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಯಂತ್ರ ಗುರ್ ಅನ್ನುತ್ತಿತ್ತು. ಇಡೀ ನಿಲ್ದಾಣಕ್ಕೆ ದಾರಿ ಹೇಳುವವಳಿಗೆ ಒಂದು ಮಾತೂ ಹೊರಡುತ್ತಿರಲಿಲ್ಲ. ಮಗಳು ಹಾಸಿಗೆಯ ಅಂಚಿಗೆ ಕೂತು ನನ್ನ ಕೈ ಹಿಡಿದುಕೊಂಡಳು. ಅವಳ ಉಗುರಿನ ಸಂದಿಯಲ್ಲಿ ಮೋಟಾರಿನ ಗ್ರೀಸು ಹಾಗೇ ಇತ್ತು.

"ಆಯ್ತಮ್ಮ. ನಾನು ಹೋಗಲ್ಲ," ಅಂದಳು.

ನಾನು ತಲೆ ಅಲ್ಲಾಡಿಸಿದೆ. ಹಾಗಲ್ಲ, ಹೋಗು ಅಂತ ಅದರ ಅರ್ಥ. ಜೋರಾಗಿ ಅಲ್ಲಾಡಿಸಿದೆ. ಸಿಳ್ಳೆ ಹೆಚ್ಚಾಯಿತು.

"ಆಯ್ತು, ಆಯ್ತು. ಅದರ ಮಾತೇ ಬೇಡ. ನಾಳೆ ಸಂಜೆಯೊಳಗೆ ಒಪ್ಪಿಗೆ ತಿಳಿಸ್ಬೇಕು ಅಂದಿದ್ರು. ತಿಳಿಸಲ್ಲ, ಮುಗೀತು. ನೀನು ಸುಮ್ನಿರು," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಘಟಕದ ಕೆಲಸದ ಮಾತು ಎತ್ತಿದ ಸಂಜೆ ಅವಳಪ್ಪನೂ ಹೀಗೇ, ಸಿಟ್ಟಿಲ್ಲದೆ, ಎದ್ದು ಹೋಗಿದ್ದರು.

ರಾತ್ರಿ ಅಲ್ಲೇ ಇರಿಸಿಕೊಂಡರು. ಬೆಳಿಗ್ಗೆ ಉಬ್ಬಸದ ವಿಭಾಗದ ನರ್ಸ್ ಬಂದರು. ಎತ್ತರದ ಹೆಂಗಸು, ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಾರೆ. ಉಸಿರಿನ ಬಲ ಅಳೆಯುವ ಮೀಟರು ಕೈಗೆ ಕೊಟ್ಟು ಊದಿಸಿದರು, ಮುಳ್ಳು ಎಲ್ಲಿ ನಿಂತಿತು ಅಂತ ನೋಡಿ ಮುಖ ಸಿಂಡರಿಸಿದರು.

"ದಿನಾ ತಗೊಳ್ಳೋ ಪಂಪು ತಗೋತಿದೀರಾ? ನೀಲಿ ಅಲ್ಲ, ಇನ್ನೊಂದು."

"ತಗೋತಿದ್ದೆ... ಆರಾಮಾಗಿದ್ದೆ ಅಂತ ಬಿಟ್ಟಿದ್ದೆ."

"ಅದು ತಗೊಂಡಿದ್ದಕ್ಕೇ ಆರಾಮಾಗಿದ್ದಿದ್ದು. ಸೂರು ಸೋರ್ತಿಲ್ಲ ಅಂತ ಹಂಚು ತೆಗೀತೀರೇನಮ್ಮ?" ಅಂದರು. "ಏನಾಗಿತ್ತು ನಿನ್ನೆ? ಧೂಳಾ? ಹೊಗೆನಾ? ಜಗಳನಾ?"

"ಖುಷಿ," ಅಂದೆ.

ಸಿಸ್ಟರ್ ಪೆನ್ನು ನಿಲ್ಲಿಸಿದರು. ನಗಲಿಲ್ಲ. "ಆಗುತ್ತೆ. ಅಳು, ನಗು, ಸಿಟ್ಟು, ಭಯ, ಯಾವುದು ಜೋರಾಗಿ ಬಂದ್ರೂ ಉಸಿರು ಏರುಪೇರಾಗುತ್ತೆ, ಮೂಗು ಬಿಟ್ಟು ಬಾಯಲ್ಲಿ ಓಡುತ್ತೆ. ಮೊದಲೇ ಊದ್ಕೊಂಡಿರೋ ನಾಳ ಮುದುಡ್ಕೊಳ್ಳುತ್ತೆ. ಅದನ್ನ ನೋಡಿ ಇನ್ನೊಂದು ಭಯ. ಅದು ಮೊದಲನೇದಕ್ಕಿಂತ ಕೆಟ್ಟದು."

"ಹಾಗಾದ್ರೆ ಇದು ಮನಸ್ಸಿಂದಾ?"

"ಉಸಿರಾಟದ ನಾಳದ ಕಾಯಿಲೆ ಇದು. ಮನಸ್ಸು ಅದೇ ಮನೇಲಿ ಬಾಡಿಗೆಗಿದೆ, ಅಷ್ಟೇ. ಮೇಲೆ ಕುಣಿದ್ರೆ ಕೆಳಗಿನವರಿಗೆ ಕೇಳ್ಸುತ್ತೆ."

"ಮನೇಲಿ ನನಗೆ ಯಾವ ಸುದ್ದೀನೂ ಹೇಳಲ್ಲ ಸಿಸ್ಟರ್. ಹೇಳಿದ್ರೆ ಉಬ್ಬಸ ಬರುತ್ತೆ ಅಂತ."

"ಹೇಳದಿದ್ರೆ ಬರಲ್ವಾ?"

ಬಸ್ಸು ಕೂಗುತ್ತಾ ಪಟ್ಟ ಉಬ್ಬಸಗಳನ್ನು ಬೆರಳು ಮಡಿಚಿ ಎಣಿಸಿದೆ.

ಆಮೇಲೆ ಅವರು ಕಲಿಸಿದರು. ಭುಜ ಇಳಿಸು. ಮೊಣಕೈ ತೊಡೆಯ ಮೇಲಿಟ್ಟು ಮುಂದಕ್ಕೆ ಬಗ್ಗು. ಮೂಗಲ್ಲಿ ಎಳೆದುಕೋ, ತುಟಿ ಚೂಪು ಮಾಡಿ, ಬಿಸಿ ಹಾಲು ಆರಿಸುವ ಹಾಗೆ, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡು. ಒಳಗೆ ಬಂದಿರುವುದು ಏನು ಅಂತ ಹೆಸರಿಟ್ಟು ಹೇಳಿಕೋ: ಇದು ಸಿಟ್ಟು, ಇದು ಭಯ, ಇದು ಖುಷಿ. ಹೆಸರಿಲ್ಲದ್ದೇ ಜಾಸ್ತಿ ಹೆದರಿಸುವುದು. ನೀಲಿ ಪಂಪನ್ನು ಮರ್ಯಾದೆಗೆ ಅಂಜಿ ತಡಮಾಡಬೇಡ, ಬಿಗಿತ ಶುರುವಾದಾಗಲೇ ತಗೋ. ಅದಕ್ಕೂ ಜಗ್ಗದಿದ್ದರೆ, ಮಾತಾಡಲು ಆಗದಿದ್ದರೆ, ಯೋಚನೆ ಮಾಡುತ್ತಾ ಕೂರಬೇಡ, ಇಲ್ಲಿಗೆ ಬಾ. ಎಲ್ಲ ಹೇಳಿ ಸಿಸ್ಟರ್ ಎದ್ದು ನಿಂತು ಸೊಂಟ ಒತ್ತಿಕೊಂಡರು. ಅವರಿಗೂ ಸುಸ್ತಾಗಿತ್ತು, ಪಾಪ.

ಮಧ್ಯಾಹ್ನ ಮನೆಗೆ ಬಂದೆವು. ಮಗಳು ಅಂಗಡಿಗೆ ಹೋಗಲು ಹೊರಟಳು. ನಾನು ತಡೆದೆ. ಕಪಾಟಿನಿಂದ ಪಂಪು ತೆಗೆದೆ. ನಾನೇ ತಂದು ಮೇಜಿನ ನಡುವೆ ಇಟ್ಟೆ. ಒಂದು ಲೋಟ ಬಿಸಿನೀರೂ ಇಟ್ಟೆ, ಪದ್ಧತಿ ಅಂದಮೇಲೆ ಪೂರ್ತಿಯಾಗಿ ಆಗಲಿ ಅಂತ.

"ಯಾರಿಗೇನಾಯ್ತು?" ಅಂದರು ಅತ್ತೆ, ಬಣ್ಣಗೆಟ್ಟು.

"ಎಲ್ಲರೂ ಕೂತ್ಕೊಳ್ಳಿ. ಇವತ್ತು ಸುದ್ದಿ ನನ್ನದು. ಗಾಬರಿ ಮಾಡ್ಕೋಬೇಡಿ."

ಕೂತರು. ಪಂಪು ಇಟ್ಟವರ ಕಡೆ ಕೂತು ನೋಡಿದವರಿಗೇ ಗೊತ್ತು, ಗಂಡನ ಮುಖ ಹೇಗಾಗಿತ್ತು ಅಂತ.

"ನನಗೆ ಖುಷಿಯಾಗಿದೆ," ಅಂದೆ. "ಅವಳು ಪಾಸಾಗಿದ್ದಕ್ಕೆ." ಸಿಳ್ಳೆ ಬಂತು. ಅತ್ತೆಯ ಕೈ ಮೇಲೆದ್ದಿತು.

"ಕೈ ಕೆಳಗಿಳಿಸಿ ಅತ್ತೆ."

ಇಷ್ಟು ವರ್ಷಗಳಲ್ಲಿ ಅವರಿಗೆ ನಾನು ಹಾಗೆ ಹೇಳಿದ್ದಿಲ್ಲ. ಇಳಿಸಿದರು.

"ಭಯಾನೂ ಆಗಿದೆ. ಇವಳಿಲ್ಲದ ಮನೆ ಅಂದ್ರೆ. ಎರಡೂ ಒಟ್ಟಿಗೇ ಆಗಿದೆ. ಅದಕ್ಕೆ ಎದೆ ಕೂಗ್ತಿದೆ. ಕೂಗ್ಲಿ. ನಾನು ಮಾತಾಡ್ತೀನಿ."

ನಿಲ್ದಾಣದಲ್ಲಿ ಮಾತಾಡುವ ಹಾಗೆ, ಒಂದೊಂದೇ ವಾಕ್ಯ, ನಡುವೆ ತುಟಿ ಚೂಪು ಮಾಡಿ ಉಸಿರು ಬಿಡುತ್ತಾ ಹೇಳಿದೆ. ಮೈಕಿನ ಗುಂಡಿಯ ವಿಷಯ ಹೇಳಿದೆ. ಕೆಲಸದಲ್ಲಿ ದಿನ ಬೆಳಗಾದರೆ ಉಬ್ಬಸ ಬರುತ್ತದೆ, ಗುಂಡಿ ಬಿಟ್ಟು ಮುಚ್ಚಿಡುತ್ತೇನೆ, ಯಾರಿಗೂ ಗೊತ್ತಿಲ್ಲ ಅಂತ ಹೇಳಿದೆ.

"ದಿನಾನಾ?" ಅಂದಳು ಮಗಳು.

"ದಿನಾ. ಇನ್ನು ಮೇಲೆ ದಿನದ ಪಂಪು ಬಿಡಲ್ಲ, ಕಡಿಮೆಯಾಗುತ್ತೆ. ಆದ್ರೆ ಇಷ್ಟು ವರ್ಷ ನನ್ನ ಎದೆ ಕೂಗ್ತು ಅಂತ ಒಂದು ಬಸ್ಸಾದ್ರೂ ನಿಂತಿದೆಯಾ? ಎಲ್ಲಾ ಹೊತ್ತಿಗೆ ಸರಿಯಾಗಿ ಹೊರಟಿವೆ. ನಿಂತಿರೋದು ಈ ಮನೆ ಮಾತ್ರ. ಎದೆ ಕೂಗಿದ್ರೆ ಬೇಡ ಅಂತ ಅರ್ಥ ಅಂತ ನಿಮಗೆ ಯಾರು ಹೇಳಿದ್ರು?"

ಗಂಡ ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಆ ಕಡೆ ಸರಿಸಿದರು, ಸ್ವಲ್ಪ ಈ ಕಡೆ ಸರಿಸಿದರು.

"ನೀರು ಸೋಸೋ ಘಟಕದ ಕೆಲಸ ಬಂದಾಗ..." ಅಂದರು. "ನೀನು ಬೇಡ ಅಂದೆಯಲ್ಲ."

"ನಾನೆಲ್ಲಿ ಅಂದೆ?"

"ನೀನು ಅನ್ನಲಿಲ್ಲ. ನಿನ್ನ ಎದೆ ಅಂತು."

"ಅವತ್ತು ಇಡೀ ದಿನ ನೀವು ಹಳೇ ಹಾಸಿಗೆ ಬಿಚ್ಚಿ ಹತ್ತಿ ಬಡಿದಿದ್ರಲ್ರೀ. ಮನೆ ತುಂಬಾ ಧೂಳು."

ಗಂಡ ನೆನಪು ಮಾಡಿಕೊಂಡರು. ಮಾಡಿಕೊಂಡದ್ದು ಅವರ ಮುಖದಲ್ಲಿ ಕಂಡಿತು. "ಹೌದಲ್ವಾ," ಅಂದರು. ಆಮೇಲೆ, ಯಾರಿಗೂ ಅಲ್ಲದ ಹಾಗೆ, "ಅಲ್ಲಿ ಕೆರೆ ತುಂಬಾ ಚೆನ್ನಾಗಿತ್ತು" ಅಂದರು. ನನಗೆ ಅಳು ಬಂತು. ಆ ಕೆರೆಯನ್ನು ಅವರು ಒಬ್ಬರೇ ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದರು, ನನ್ನ ಹತ್ತಿರ ಒಂದು ಮಾತು ಆಡದೆ. ಪಂಪು ನಾನೇ ತೆಗೆದುಕೊಂಡು ಒತ್ತಿಕೊಂಡೆ.

"ಅದು ಹೋಯ್ತು," ಅಂದೆ ಉಸಿರು ಸಿಕ್ಕ ಮೇಲೆ. "ಇದು ಹೋಗೋದು ಬೇಡ. ಈಗಲೇ ಫೋನ್ ಮಾಡಿ ಬರ್ತೀನಿ ಅಂತ ಹೇಳು."

"ಅಮ್ಮಾ, ನಾನಿಲ್ಲದಾಗ ನಿನ್ನೆ ಥರ ಆದ್ರೆ?"

"ಆಗಬಹುದು. ಆಸ್ಪತ್ರೆ ಇದೆ, ನಿಮ್ಮಪ್ಪ ಇದಾರೆ, ನೀರು ಚೆಲ್ಲೋದಕ್ಕೆ ಅಜ್ಜಿ ಇದಾರೆ. ಆಗಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ನೀನು ಇಲ್ಲೇ ಕೂತ್ರೆ ನಿನ್ನ ಮುಖ ನೋಡಿದಾಗೆಲ್ಲ ಆಗುತ್ತೆ."

ಅವಳು ನನ್ನನ್ನೇ ನೋಡುತ್ತಾ ಕೂತಳು. ಸಿಳ್ಳೆ ಇನ್ನೂ ಬರುತ್ತಿತ್ತು, ಅವಳು ಅದನ್ನೇ ಕೇಳಿಸಿಕೊಳ್ಳುತ್ತಿದ್ದಳು ಅಂತ ನನಗೆ ಗೊತ್ತು. ಹುಟ್ಟಿದಾಗಿನಿಂದ ಕೇಳಿದ ಪಾಠ ಒಂದು ಮಧ್ಯಾಹ್ನದಲ್ಲಿ ಮರೆಯುವುದಿಲ್ಲ. ಕೊನೆಗೆ ಫೋನ್ ಹಿಡಿದು ಅಂಗಳಕ್ಕೆ ಹೋದಳು. ಬರುತ್ತೇನೆ ಅಂದದ್ದು ಕೇಳಿಸಿತು. ಆದರೆ ಒಳಗೆ ಬಂದವಳು, "ಹೊರಡೋ ದಿನ ನಿನಗೆ ಜೋರಾದ್ರೆ ನಾನು ಬಸ್ ಹತ್ತಲ್ಲ, ಈಗಲೇ ಹೇಳಿದೀನಿ" ಅಂದಳು. ಅವಳಪ್ಪನ ಹಟ ಅದು.

ಅವಳು ಹೊರಡುವ ದಿನ ಬೆಳಿಗ್ಗೆ ಕಂಟ್ರೋಲರ್ ರಜೆ ಕೊಡುತ್ತೇನೆ ಅಂದರು. ಬೇಡ ಅಂದೆ. ಬೇರೆ ಯಾರೋ ನನ್ನ ಮಗಳ ಬಸ್ಸು ಕೂಗುವುದು ನನಗೆ ಬೇಕಿರಲಿಲ್ಲ. ದಿನದ ಪಂಪು ತಪ್ಪದೆ ತೆಗೆದುಕೊಳ್ಳುತ್ತಿದ್ದೆ. ಸಿಳ್ಳೆ ಎಷ್ಟೋ ಕಡಿಮೆಯಾಗಿತ್ತು. ಮನೆಯಲ್ಲೇ ಅವಳ ತಲೆ ಸವರಿ, ಬೈದು, ಊಟದ ಡಬ್ಬಿ ಕೊಟ್ಟು, ಮುಂಚೆಯೇ ಬಂದು ನನ್ನ ಗಾಜಿನ ಗೂಡಿನಲ್ಲಿ ಕೂತೆ.

ನಾಲ್ಕನೇ ಪ್ಲಾಟ್‌ಫಾರ್ಮಿಗೆ ಮೂವರೂ ಬಂದರು. ಗಂಡ ಅವಳ ಪೆಟ್ಟಿಗೆಯನ್ನು ಬಸ್ಸಿನ ಹಿಂಭಾಗಕ್ಕೆ ಹಾಕಿ ಬಾಗಿಲು ಮುಚ್ಚಿದೆಯೇ ಅಂತ ಎರಡು ಸಲ ತಳ್ಳಿ ನೋಡಿದರು, ವಾಲ್ವಿನವರ ಚಾಳಿ. ಅತ್ತೆ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳುತ್ತಿದ್ದರು, ಬಹುಶಃ ಯಾರಿಗೂ ಹೇಳಬಾರದು ಅಂದದ್ದನ್ನು. ನಾನು ಗುಂಡಿ ಒತ್ತಿದೆ.

"ಪ್ರಯಾಣಿಕರ ಗಮನಕ್ಕೆ," ಅಂದೆ. ಗುಂಡಿ ಬಿಟ್ಟೆ. ಉಸಿರು ಎಳೆದುಕೊಂಡೆ. ಒತ್ತಿದೆ. "ನಾಲ್ಕನೇ ಪ್ಲಾಟ್‌ಫಾರ್ಮಿನಿಂದ..."

ಅವಳು ಮೆಟ್ಟಿಲಿನ ಮೇಲೆ ಕಾಲಿಟ್ಟದ್ದು ಕಂಡಿತು. ಅಷ್ಟೇ, ಕುತ್ತಿಗೆಯ ಬುಡದಲ್ಲಿ ದಾರ ಬಿಗಿಯಿತು. ಇದು ದುಃಖ, ಅಂತ ಹೇಳಿಕೊಂಡೆ. ಇದು ದುಃಖ, ಇದು ಹೆಮ್ಮೆ, ಇದು ಭಯ. ಹೆಬ್ಬೆರಳು ತನ್ನ ಪಾಡಿಗೆ ತಾನು ಏಳಲು ಹೊರಟಿತು. ಅಷ್ಟು ವರ್ಷದ ರೂಢಿ. ಇವತ್ತು ಮುಚ್ಚಿಟ್ಟರೆ ಮುಂದೆ ಅವಳು ಫೋನಿನಲ್ಲಿ ಕೇಳುವ ನನ್ನ ಪ್ರತಿ ಮಾತಿನ ಹಿಂದೆಯೂ ಏನೋ ಮುಚ್ಚಿದೆ ಅಂತ ಅನುಮಾನಪಡುತ್ತಾಳೆ. ಬೆರಳನ್ನು ಏಳಗೊಡಲಿಲ್ಲ. ಗುಂಡಿ ಒತ್ತಿದ ಹಾಗೇ ಇತ್ತು. ನನ್ನ ಎದೆಯ ಸಿಳ್ಳೆ ನಿಲ್ದಾಣದ ಅಷ್ಟೂ ಸ್ಪೀಕರುಗಳಲ್ಲಿ ಸುಯ್ ಅಂತ ಹೊರಟಿತು.

ಜನ ತಲೆಯೆತ್ತಿದರು. ಕಂಟ್ರೋಲರ್ ತಮ್ಮ ಕೋಣೆಯಿಂದ ಹೊರಗೆ ಬಂದರು. ಮಗಳು ಮೆಟ್ಟಿಲಿನಿಂದ ಕಾಲು ಕೆಳಗಿಳಿಸಿ ನನ್ನ ಗಾಜಿನ ಕಡೆ ನೋಡಿದಳು. ಪಕ್ಕದಲ್ಲಿ ಅತ್ತೆಯ ಕೈ ಮೇಲೆದ್ದಿತು. ಗಂಡ ಅವರಮ್ಮನ ಆ ಕೈ ಹಿಡಿದು, ಮೆಲ್ಲಗೆ ಕೆಳಗಿಳಿಸಿ, ಬಿಡದೆ ಹಿಡಿದುಕೊಂಡೇ ನಿಂತರು.

ಇನ್ನೊಂದು ಕೈಯಿಂದ ಪಂಪು ತೆಗೆದು, ಅವಳಿಗೆ ಕಾಣುವಂತೆ ಎತ್ತಿ ಹಿಡಿದು, ಬಾಯಿಗಿಟ್ಟು ಒತ್ತಿಕೊಂಡೆ. ಭುಜ ಇಳಿಸಿದೆ. ಬಿಸಿ ಹಾಲು ಆರಿಸುವ ಹಾಗೆ ಉಸಿರು ಬಿಟ್ಟೆ. ಅದೂ ಸ್ಪೀಕರಿನಲ್ಲಿ ಕೇಳಿಸಿತು.

"ನಾಲ್ಕನೇ ಪ್ಲಾಟ್‌ಫಾರ್ಮಿನ ಬಸ್ಸು," ಅಂದೆ, ಸಿಳ್ಳೆಯ ಸಮೇತ, "ಹೊರಡಲು ಸಿದ್ಧವಾಗಿದೆ. ಬಾಗಿಲಲ್ಲಿ ನಿಂತಿರುವ ಪ್ರಯಾಣಿಕರು... ದಯವಿಟ್ಟು ಹತ್ತಿಕೊಳ್ಳಬೇಕು."

ಅವಳು ಇನ್ನೊಂದು ಗಳಿಗೆ ನಿಂತಳು. ಆಮೇಲೆ ಗ್ರೀಸಿನ ಕಲೆ ಹೋಗದ ಕೈಯಿಂದ ಕಣ್ಣು ಒರೆಸಿಕೊಂಡು ಹತ್ತಿದಳು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹಿಂದೆ ಬಂದು, ತಿರುಗಿ, ಗೇಟಿನ ಕಡೆ ಹೋಯಿತು. ಅದು ಗೇಟು ದಾಟುವವರೆಗೂ ನಾನು ಗುಂಡಿ ಒತ್ತಿ ಹಿಡಿದೇ ಇದ್ದೆ, ಅವಳಿಗೆ ಕೇಳಿಸಲಿ ಅಂತ.